ಹಾಸಿಗೆಯ ಮಗ್ಗುಲಿನ ಪಾಠ: ಸೇಂಟ್ ಥಾಮಸ್ ಆಸ್ಪತ್ರೆಯ ಶುಶ್ರೂಷಾ ಶಾಲೆಯ ಮೊದಲ ದಶಕಗಳು

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ೧೮೬೦ನೆಯ ಇಸವಿಯ ಬೇಸಗೆಯಲ್ಲಿ ೧೫ ಮಂದಿ ಹೆಂಗಸರು ದಾದಿಯ ಕೆಲಸವನ್ನು ಕಲಿಯಲೆಂದು ಉಮೇದುವಾರರಾಗಿ ಸೇರಿದರು. ಅವರಲ್ಲಿ ಪ್ರತಿಯೊಬ್ಬಳ ಹೆಸರಿಗೂ ಒಂದೊಂದು ಅಚ್ಚಾದ ಪಟ್ಟಿ ಇದ್ದಿತು. ಅದನ್ನು ತಿಂಗಳಿಗೊಮ್ಮೆ ತುಂಬಬೇಕು. ಪಟ್ಟಿಯ ಒಂದು ಭಾಗ ನಡತೆಗೆ ಮೀಸಲು: ಹೊತ್ತಿಗೆ ಸರಿಯಾಗಿ ಬರುವುದು, ಸದ್ದಿಲ್ಲದೆ ಇರುವುದು, ನಂಬಿಕೆಗೆ ಅರ್ಹಳಾಗಿರುವುದು, ಮೈ ಬಟ್ಟೆಗಳ ಅಚ್ಚುಕಟ್ಟು, ಇತ್ಯಾದಿ. ಇನ್ನೊಂದು ಭಾಗ ಕೈಕೆಲಸಕ್ಕೆ: ಗಾಯಗಳಿಗೆ ಪಟ್ಟಿ ಕಟ್ಟುವುದು, ಜಿಗಣೆ ಹಚ್ಚುವುದು, ಶಾಖ ಕೊಡುವುದು, ಏಳಲಾರದ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಬೆನ್ನುಹುಣ್ಣು ಆಗದಂತೆ ಕಾಯುವುದು, ರೋಗಿ ಮಲಗಿರುವಾಗಲೇ ಹಾಸಿಗೆಯ ಹೊದಿಕೆಗಳನ್ನು ಬದಲಿಸುವುದು, ಗಂಜಿ ಕಾಯಿಸುವುದು, ವಾರ್ಡಿಗೆ ಗಾಳಿ ಬೆಳಕು ಬರುವಂತೆ ನೋಡಿಕೊಳ್ಳುವುದು. ರೋಗಿಯ ನಾಡಿ, ಉಸಿರು, ನಿದ್ದೆ, ಹಸಿವು, ಚರ್ಮ, ಗಾಯಗಳ ಸ್ಥಿತಿ ಇವುಗಳನ್ನು ಗಮನಿಸಿ ಹೇಳಬಲ್ಲಳೇ ಎಂಬುದಕ್ಕೂ ಅಲ್ಲಿ ಒಂದು ಅಂಕಣವಿದ್ದಿತು. ಉತ್ತಮ, ಸಾಧಾರಣ, ಅಪೂರ್ಣ ಎಂಬ ಬಗೆಯ ದರ್ಜೆಗಳಲ್ಲಿ ಅದನ್ನು ತುಂಬಿ ಮೇಟ್ರನ್ನರು ಫಂಡಿನ ಸಮಿತಿಗೆ ಕಳುಹಿಸುತ್ತಿದ್ದರು.

ಶುಶ್ರೂಷೆಯ ಶಿಕ್ಷಣದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಈ ಪಟ್ಟಿಯನ್ನು ಆಧುನಿಕ ಪದ್ಧತಿಯ ಜನನಪತ್ರವೆಂಬಂತೆ ಕೊಂಡಾಡಿದ್ದಾರೆ. ಅದು ಕೊಂಡಾಟಕ್ಕೆ ಅರ್ಹವಾದ ದಾಖಲೆಯೆಂಬುದೂ ನಿಜವೇ. ಆದರೆ ಅದೇ ಪಟ್ಟಿ ತಿಂಗಳು ತಿಂಗಳಿಗೂ ತುಂಬುತ್ತಿದ್ದ ವರ್ಷಗಳಲ್ಲಿ ಅದರ ಹಿಂದೆ ಇರಬೇಕಾಗಿದ್ದ ಪಾಠ ಬಹುಮಟ್ಟಿಗೆ ನಿಂತುಹೋಗಿತ್ತೆಂಬ ಸಂಗತಿಗೆ ಅಷ್ಟು ಪ್ರಚಾರ ದೊರೆತಿಲ್ಲ. ಶಾಲೆ ಹುಟ್ಟಿದ ಹನ್ನೊಂದು ಹನ್ನೆರಡು ವರ್ಷಗಳ ತರುವಾಯ ಅದನ್ನು ಕಂಡುಹಿಡಿದವರು ಬೇರೆ ಯಾರೂ ಅಲ್ಲ, ಯಾರ ಹೆಸರಿನಲ್ಲಿ ಶಾಲೆ ನಡೆಯುತ್ತಿತ್ತೋ ಆ ಫ್ಲಾರೆನ್ಸ್ ನೈಟಿಂಗೇಲರೇ.

ಶಾಲೆಗೆ ಹಣ ಬಂದ ಬಗೆಯನ್ನು ಸಂಗ್ರಹವಾಗಿ ಹೇಳಿದರೆ ಸಾಕು. ಕ್ರೈಮಿಯದ ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ೧೮೫೫ರ ನವೆಂಬರ್ ೨೯ರಂದು ಲಂಡನ್ನಿನಲ್ಲಿ ಒಂದು ದೊಡ್ಡ ಸಭೆ ಕೂಡಿ, ನೈಟಿಂಗೇಲರ ಸೇವೆಗೆ ರಾಷ್ಟ್ರದ ಕೃತಜ್ಞತೆಯ ಕುರುಹಾಗಿ ನಿಧಿಯೊಂದನ್ನು ತೆರೆಯಿತು. ಸುಮಾರು ೪೪,೦೦೦ ಪೌಂಡು ಕೂಡಿತು. ಯುದ್ಧಭೂಮಿಯಿಂದ ಹಿಂದಿರುಗಿದ ಆಕೆಯ ಆರೋಗ್ಯ ಕೆಟ್ಟಿತ್ತು. ತಾವೇ ನಿಂತು ಶಾಲೆ ನಡೆಸುವ ಚೈತನ್ಯ ಉಳಿದಿರಲಿಲ್ಲ. ಆದಕಾರಣ ಈಗಾಗಲೇ ನಡೆಯುತ್ತಿದ್ದ ಆಸ್ಪತ್ರೆಯೊಂದರ ಒಳಗೆ ಶಾಲೆಯನ್ನು ಇಡುವುದೆಂದು ತೀರ್ಮಾನವಾಯಿತು. ಸೇಂಟ್ ಥಾಮಸ್ ಆಸ್ಪತ್ರೆಯನ್ನು ಆರಿಸಿದ್ದಕ್ಕೆ ಮುಖ್ಯ ಕಾರಣ ೧೮೫೪ರಿಂದ ಅಲ್ಲಿ ಮೇಟ್ರನ್ ಆಗಿದ್ದ ಶ್ರೀಮತಿ ಸಾರಾ ವಾರ್ಡ್‌ರೋಪರ್ ಎಂಬ ವಿಧವೆಯ ದಕ್ಷತೆ.

ಆ ಆಸ್ಪತ್ರೆಯ ಎಲ್ಲರಿಗೂ ಇದು ಹಿಡಿಸಿತೆಂದಲ್ಲ. ಅಲ್ಲಿಯ ಹಿರಿಯ ಶಸ್ತ್ರವೈದ್ಯರಾಗಿದ್ದ ಜಾನ್ ಫ್ಲಿಂಟ್ ಸೌತ್ ಅವರು ೧೮೫೭ರಲ್ಲಿಯೇ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿ, ಸಾಮಾನ್ಯ ದಾದಿಯರು ಮನೆಗೆಲಸದ ಹೆಂಗಸರ ಸಾಲಿಗೆ ಸೇರಿದವರೆಂದೂ, ಪೋಲ್ಟೀಸು ಕಟ್ಟುವುದು, ಶುಚಿಯಾಗಿರುವುದು, ರೋಗಿಯ ಬೇಕುಬೇಡಗಳನ್ನು ನೋಡುವುದು ಇಷ್ಟನ್ನು ಬಿಟ್ಟರೆ ಅವರಿಗೆ ಕಲಿಸಬೇಕಾದದ್ದು ವಿಶೇಷವೇನೂ ಇಲ್ಲವೆಂದೂ ವಾದಿಸಿದ್ದರು. ವಾರ್ಡಿನ ಮುಖ್ಯಸ್ಥೆಯನ್ನು ಇಂಗ್ಲೆಂಡಿನಲ್ಲಿ ‘ಸಿಸ್ಟರ್’ ಎನ್ನುತ್ತಾರೆ. ಆಕೆ ಕೂಡ ವರ್ಷಗಟ್ಟಲೆ ಕೆಲಸಮಾಡಿ ಅನುಭವದಿಂದಲೇ ಕಲಿಯುವವಳೆಂಬುದು ಅವರ ಮತ. ಸೌತ್ ಅವರ ಮಾತನ್ನು ಮೇಲ್ವರ್ಗದ ಗಂಡಸಿನ ಅಹಂಕಾರವೆಂದು ತಳ್ಳಿಹಾಕುವುದು ಸುಲಭ, ಅದರಲ್ಲಿ ಅಹಂಕಾರವೂ ಇದೆ. ಆದರೆ ಕೆಲಸವನ್ನು ಮಾಡುತ್ತ ಮಾಡುತ್ತ ಅದು ತಾನಾಗಿ ಬರುತ್ತದೆಂಬ ಆ ನಂಬಿಕೆ ಅವರೊಬ್ಬರದೇ ಆಗಿರಲಿಲ್ಲ. ಶಾಲೆಯ ಹಿತೈಷಿಗಳಲ್ಲಿಯೂ ಅದು ಬೇರೆ ವೇಷದಲ್ಲಿ ಮನೆಮಾಡಿಕೊಂಡಿತ್ತು.

ಯೋಜನೆಯ ಪ್ರಕಾರ ಕಲಿಕೆ ಒಂದು ವರ್ಷದ್ದು. ಉಮೇದುವಾರರಿಗೆ ಊಟ ವಸತಿ, ಚಹ ಸಕ್ಕರೆ, ಬಟ್ಟೆ ಒಗೆಯುವ ವೆಚ್ಚ, ಸಮವಸ್ತ್ರದ ಸ್ವಲ್ಪ ಭಾಗ, ವರ್ಷಕ್ಕೆ ೧೦ ಪೌಂಡು ವೇತನ ಇವೆಲ್ಲ ನೈಟಿಂಗೇಲ್ ಫಂಡಿನಿಂದ. ಮೇಟ್ರನ್ನರಿಗೆ, ಆಸ್ಪತ್ರೆಯಲ್ಲಿಯೇ ವಾಸವಾಗಿದ್ದ ವೈದ್ಯಾಧಿಕಾರಿ ರಿಚರ್ಡ್ ವಿಟ್‌ಫೀಲ್ಡ್ ಅವರಿಗೆ, ವಾರ್ಡಿನ ಸಿಸ್ಟರುಗಳಿಗೆ, ಬೋಧನೆಯ ಸಲುವಾಗಿ ಫಂಡಿನಿಂದ ಹಣ ಸಲ್ಲುತ್ತಿತ್ತು. ವೈದ್ಯರು ಉಪನ್ಯಾಸ ಮಾಡಬೇಕು. ಸಿಸ್ಟರುಗಳು ವಾರ್ಡಿನಲ್ಲಿ ಕೈಹಿಡಿದು ಕಲಿಸಬೇಕು. ಮೇಟ್ರನ್ನರು ಎಲ್ಲವನ್ನೂ ನೋಡಿಕೊಳ್ಳಬೇಕು. ಉಮೇದುವಾರರು ಆ ಒಂದು ವರ್ಷ ವಾರ್ಡುಗಳಲ್ಲಿ ಸಹಾಯಕ ದಾದಿಯರಾಗಿ ದುಡಿಯಬೇಕು. ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕಾಗಿದೆ. ಆಸ್ಪತ್ರೆಗೆ ಬೊಕ್ಕಸದಿಂದ ಕಾಸು ಬಿಚ್ಚದೆ ಹದಿನೈದು ಜೊತೆ ಕೈಗಳು ದೊರೆತವು. ಆ ಕೈಗಳು ಕಲಿಯುವುದಕ್ಕೆ ಬಂದವೆಂಬುದನ್ನು ಮರೆಯುವುದರಲ್ಲಿ ಆಸ್ಪತ್ರೆಗೆ ಲಾಭವಿದ್ದಿತು, ನೆನಪಿನಲ್ಲಿಡುವುದರಲ್ಲಿ ತೊಂದರೆಯಿದ್ದಿತು.

ಏನನ್ನು ಕಲಿಸಬೇಕೆಂಬ ವಿಷಯದಲ್ಲಿ ಮಾತ್ರ ನೈಟಿಂಗೇಲರಿಗೆ ಸಂದಿಗ್ಧವಿರಲಿಲ್ಲ. ಶಾಲೆ ತೆರೆಯುವ ಕೆಲವೇ ತಿಂಗಳ ಮುಂಚೆ ಹೊರಬಂದ ‘ನೋಟ್ಸ್ ಆನ್ ನರ್ಸಿಂಗ್’ ಎಂಬ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದನ್ನು ಕುರಿತ ಒಂದು ಅಧ್ಯಾಯವಿದೆ. ಆ ಪುಸ್ತಕ ವೃತ್ತಿಯ ದಾದಿಯರಿಗೆಂದು ಬರೆದದ್ದಲ್ಲ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರಿಗೆಂದು ಬರೆದದ್ದು. ಆದರೂ ಹಾಸಿಗೆಯ ಮಗ್ಗುಲಿನಲ್ಲಿ ಕಲಿಸಬೇಕಾದದ್ದೇನು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉತ್ತರ ದೊರೆಯುವುದು ಕಷ್ಟ. ರಾತ್ರಿ ಚೆನ್ನಾಗಿ ಕಳೆಯಿತೇ ಎಂದು ಕೇಳಿದರೆ ರೋಗಿ ಏನೋ ಒಂದು ಉತ್ತರ ಹೇಳುತ್ತಾನೆ. ಹತ್ತು ಗಂಟೆ ಎಡೆಬಿಡದೆ ನಿದ್ರಿಸಿ ಅಭ್ಯಾಸವಾದವನು ನಡುವೆ ಎಚ್ಚರವಾದರೆ ರಾತ್ರಿ ಕೆಟ್ಟಿತೆನ್ನುತ್ತಾನೆ. ಬಹುದಿನಗಳಿಂದ ನಿದ್ದೆಗೆಟ್ಟವನು ಆಗಾಗ ಜೋಂಪು ಹತ್ತಿದ್ದಕ್ಕೇ ಸುಖವಾಗಿತ್ತೆನ್ನುತ್ತಾನೆ. ಆದ್ದರಿಂದ ಎಷ್ಟು ಗಂಟೆ ನಿದ್ದೆ ಬಂತು, ರಾತ್ರಿಯ ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಬೇಕು. ಊಟದ ಸಂಗತಿಯೂ ಹೀಗೆಯೇ. ಹಸಿವು ಹೇಗಿದೆ ಎಂಬ ಪ್ರಶ್ನೆ ಪ್ರಯೋಜನವಿಲ್ಲದ್ದು; ತಟ್ಟೆಯಲ್ಲಿ ಎಷ್ಟು ಉಳಿಯಿತು, ಏಕೆ ಉಳಿಯಿತು ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯಬೇಕು. ಏನನ್ನು ನೋಡಬೇಕು, ಹೇಗೆ ನೋಡಬೇಕು, ಯಾವ ಲಕ್ಷಣ ಚೇತರಿಕೆಯದು, ಯಾವುದು ಅಪಾಯದ್ದು ಎಂಬುದನ್ನು ಕಲಿಸುವುದೇ ದಾದಿಗೆ ಕೊಡಬಹುದಾದ ಪಾಠಗಳಲ್ಲಿ ಅತಿ ಮುಖ್ಯವಾದದ್ದೆಂದು ಆಕೆಯ ಅಭಿಪ್ರಾಯ.

ಈ ಪಾಠ ಉಪನ್ಯಾಸದಿಂದ ಬರತಕ್ಕದ್ದಲ್ಲ. ತಟ್ಟೆ ಇರುವ ಕಡೆ, ರೋಗಿ ಇರುವ ಕಡೆ, ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು ‘ಇದನ್ನು ನೋಡು’ ಎಂದು ತೋರಿಸಿದಾಗ ಮಾತ್ರ ಬರುತ್ತದೆ. ಹಾಗೆ ತೋರಿಸುವವರು ಸಿಸ್ಟರು ಎಂದು ಯೋಜನೆಯಲ್ಲಿ ಬರೆದಿತ್ತು. ಆದರೆ ೧೮೬೦ರ ಸಿಸ್ಟರುಗಳಿಗೆ ಆ ಪಾಠವನ್ನು ಯಾರು ಕಲಿಸಿದ್ದರು? ಅವರು ಸೌತ್ ಅವರು ಹೇಳಿದ ರೀತಿಯಲ್ಲಿಯೇ, ನೋಡಿ ಮಾಡಿ ಮೇಲೆ ಬಂದವರು. ಅವರಲ್ಲಿ ಒಳ್ಳೆಯ ದಾದಿಯರಿದ್ದರು. ಒಳ್ಳೆಯ ದಾದಿಯಾದವಳು ತನಗೆ ತಿಳಿದುದನ್ನು ಬಿಡಿಸಿ ಹೇಳಬಲ್ಲಳೆಂಬ ನಿಯಮವಿಲ್ಲ. ಜೊತೆಗೆ ವಾರ್ಡಿನ ಹೊಣೆಯೆಲ್ಲ ಅವರ ಮೇಲಿತ್ತು. ಒಂದು ಕೆಲಸ ಹತ್ತು ನಿಮಿಷದಲ್ಲಿ ಮುಗಿಯುವಾಗ ಅದನ್ನೇ ಕಲಿಸುತ್ತ ಅರ್ಧ ಗಂಟೆ ಕಳೆಯಲು ಅವರಿಗೆ ಪುರಸೊತ್ತು ಎಲ್ಲಿಂದ ಬರಬೇಕು?

ಇದರ ಮೇಲೆ ಆಸ್ಪತ್ರೆಗೆ ನೆಲೆ ತಪ್ಪಿತು. ಲಂಡನ್ ಸೇತುವೆಯ ಬಳಿಯ ಹಳೆಯ ನಿವೇಶನವನ್ನು ರೈಲ್ವೆ ಕಂಪನಿ ಕೊಂಡುದರಿಂದ ೧೮೬೨ರಲ್ಲಿ ಆಸ್ಪತ್ರೆ ಸರ್ರೆ ಗಾರ್ಡನ್ಸ್ ಎಂಬ, ಹಿಂದೆ ಮೃಗಾಲಯವಾಗಿದ್ದ ತೋಟಕ್ಕೆ ಹೋಗಿ ಒಂಬತ್ತು ವರ್ಷ ಅಲ್ಲಿ ಬಿಡಾರ ಹೂಡಿತು. ೧೮೭೧ರಲ್ಲಿ ಥೇಮ್ಸ್ ನದಿಯ ದಡದಲ್ಲಿ, ಪಾರ್ಲಿಮೆಂಟಿನ ಎದುರಿಗೆ, ಹೊಸ ಕಟ್ಟಡವನ್ನು ವಿಕ್ಟೋರಿಯ ರಾಣಿಯವರು ತೆರೆದರು. ಅಷ್ಟರೊಳಗೆ ಶಾಲೆಯ ಕೀರ್ತಿ ಕಡಲು ದಾಟಿತ್ತು. ಅಲ್ಲಿ ಕಲಿತ ಆಗ್ನೆಸ್ ಜೋನ್ಸ್ ೧೮೬೫ರಲ್ಲಿ ಲಿವರ್‌ಪೂಲಿನ ಬಡವರ ಆಸ್ಪತ್ರೆಗೆ ಹೋಗಿ, ಮೂರು ವರ್ಷ ದುಡಿದು, ಅಲ್ಲಿಯೇ ಟೈಫಸ್ ಜ್ವರಕ್ಕೆ ಬಲಿಯಾದರು. ೧೮೬೮ರಲ್ಲಿ ಲೂಸಿ ಆಸ್‌ಬರ್ನ್ ಐವರು ಸಿಸ್ಟರುಗಳೊಡನೆ ಆಸ್ಟ್ರೇಲಿಯದ ಸಿಡ್ನಿಗೆ ಹೋದರು. ಹೀಗೆ ಒಂದು ವರ್ಷದ ಕಲಿಕೆಯ ಬಲದ ಮೇಲೆ ಹೊರಟವರು ಹೋದಲ್ಲಿ ಇತರರಿಗೆ ಕಲಿಸಬೇಕೆಂಬ ನಿರೀಕ್ಷೆಯಿದ್ದಿತು. ಅವರಿಗೆ ನಿಜವಾಗಿ ಏನು ಕಲಿಸಲಾಗಿತ್ತೆಂಬುದನ್ನು ಯಾರೂ ಕೇಳಲಿಲ್ಲ. ಪಟ್ಟಿಗಳು ತುಂಬಿ ಬರುತ್ತಿದ್ದವು.

ಸೈನ್ಯದ ಆರೋಗ್ಯ, ಭಾರತದ ನೈರ್ಮಲ್ಯ ಮೊದಲಾದ ಸರಕಾರಿ ಪ್ರಶ್ನೆಗಳಲ್ಲಿ ಆ ದಶಕವನ್ನೆಲ್ಲ ಕಳೆದ ನೈಟಿಂಗೇಲರು ೧೮೭೧-೭೨ರಲ್ಲಿ ಶಾಲೆಯ ಕಡೆಗೆ ತಿರುಗಿದರು. ಫಂಡಿನ ಕಾರ್ಯದರ್ಶಿಯೂ ಬಂಧುವೂ ಆಗಿದ್ದ ಹೆನ್ರಿ ಬೋನ್‌ಹ್ಯಾಮ್ ಕಾರ್ಟರ್ ಅವರ ಮೂಲಕ ವಿಚಾರಣೆ ನಡೆಯಿತು. ವಿಟ್‌ಫೀಲ್ಡ್ ಅವರು ಬಹುಕಾಲದಿಂದ ಉಪನ್ಯಾಸಗಳನ್ನೇ ಕೊಟ್ಟಿರಲಿಲ್ಲವೆಂದು ತಿಳಿದುಬಂದಿತು. ವಾರ್ಡಿನಲ್ಲಿ ಕ್ರಮವಾದ ಬೋಧನೆ ನಡೆಯುತ್ತಿರಲಿಲ್ಲ. ಉಮೇದುವಾರರನ್ನು ಕೆಲಸ ಬಿದ್ದ ಕಡೆಗೆ ಹಾಕಲಾಗುತ್ತಿತ್ತು. ಮೇಟ್ರನ್ನರು ಆಸ್ಪತ್ರೆಯ ಆಡಳಿತದಲ್ಲಿ ಎಷ್ಟು ಸಮರ್ಥರೋ ಶಾಲೆಯ ವಿಷಯದಲ್ಲಿ ಅಷ್ಟೇ ಅವಸರದವರು. ಪಟ್ಟಿಯಲ್ಲಿ ಅವರು ತುಂಬುತ್ತಿದ್ದ ದರ್ಜೆಗಳು ಹುಡುಗಿ ಎಷ್ಟು ಉಪಯೋಗಕ್ಕೆ ಬಂದಳೆಂಬುದನ್ನು ಹೇಳುತ್ತಿದ್ದವೇ ಹೊರತು ಎಷ್ಟು ಕಲಿತಳೆಂಬುದನ್ನು ಹೇಳುತ್ತಿರಲಿಲ್ಲ. ನೈಟಿಂಗೇಲರ ಚರಿತ್ರೆಯಲ್ಲಿ ಸ್ಕುಟಾರಿಯ ದೀಪದ ಕಥೆಗಿಂತ ಈ ಘಟ್ಟ ಹೆಚ್ಚು ಗೌರವಕ್ಕೆ ಪಾತ್ರವಾದದ್ದು. ಜಗತ್ತೆಲ್ಲ ಮೆಚ್ಚುತ್ತಿದ್ದ ತಮ್ಮದೇ ಸಂಸ್ಥೆ ಹೆಸರಿಗೆ ತಕ್ಕಂತಿಲ್ಲವೆಂದು ಒಪ್ಪಿಕೊಳ್ಳುವುದು ಐವತ್ತು ದಾಟಿದ, ಹಾಸಿಗೆ ಹಿಡಿದ ವ್ಯಕ್ತಿಗೆ ಹಗುರವಾದ ಕಾರ್ಯವಲ್ಲ.

೧೮೭೨ರಲ್ಲಿ ವಿಟ್‌ಫೀಲ್ಡ್ ಅವರು ಬಿಟ್ಟರು. ಶಸ್ತ್ರವೈದ್ಯ ಜಾನ್ ಕ್ರಾಫ್ಟ್ ಅವರು ಬೋಧಕರಾಗಿ ಬಂದು, ಉಪನ್ಯಾಸಗಳನ್ನು ಕ್ರಮಪಡಿಸಿ, ಅವುಗಳ ಸಾರವನ್ನು ಅಚ್ಚುಹಾಕಿಸಿ, ಉಮೇದುವಾರರು ಓದಬೇಕಾದ ಪುಸ್ತಕಗಳನ್ನು ಗೊತ್ತುಪಡಿಸಿದರು. ‘ಹೋಮ್ ಸಿಸ್ಟರ್’ ಎಂಬ ಹೊಸ ಹುದ್ದೆಯೂ ಬಂದಿತು. ಈಕೆಗೆ ವಾರ್ಡಿನ ಹೊರೆಯಿಲ್ಲ. ಉಪನ್ಯಾಸದ ತರುವಾಯ ಹುಡುಗಿಯರನ್ನು ಕೂಡಿಸಿಕೊಂಡು ಅರ್ಥವಾಗದ್ದನ್ನು ಬಿಡಿಸಿ ಹೇಳುವುದು, ಅವರು ಬರೆದ ಟಿಪ್ಪಣಿಗಳನ್ನು ತಿದ್ದುವುದು, ಅವರ ಕಷ್ಟಸುಖ ವಿಚಾರಿಸುವುದು ಈಕೆಯ ಕೆಲಸ. ಎಪ್ಪತ್ತರ ದಶಕದ ನಡುವಿನಿಂದ ಸುಮಾರು ಇಪ್ಪತ್ತು ವರ್ಷ ಮೇರಿ ಕ್ರಾಸ್‌ಲ್ಯಾಂಡ್ ಅವರು ಈ ಹುದ್ದೆಯಲ್ಲಿದ್ದರು. ದಾದಿಯರ ಶಿಕ್ಷಣದಲ್ಲಿ ಕಲಿಸುವುದನ್ನೇ ಉದ್ಯೋಗವಾಗಿ ಉಳ್ಳವರೊಬ್ಬರು ಕಾಣಿಸಿಕೊಂಡದ್ದು ಹೀಗೆ. ನೈಟಿಂಗೇಲರಾದರೋ ಉಮೇದುವಾರರನ್ನು ಒಬ್ಬೊಬ್ಬರನ್ನಾಗಿ ತಮ್ಮ ಮನೆಗೆ ಕರೆಯಿಸಿ, ಮಾತನಾಡಿಸಿ, ಪ್ರತಿಯೊಬ್ಬರ ಗುಣದೋಷಗಳನ್ನು ಬರೆದಿಡತೊಡಗಿದರು. ೧೮೭೨ರಿಂದ ಮೊದಲ್ಗೊಂಡು ೧೯೦೦ರವರೆಗೆ ಅವರಿಗೆಲ್ಲ ಆಗಾಗ ಬಹಿರಂಗ ಪತ್ರಗಳನ್ನು ಬರೆದರು. ಇಷ್ಟಾದರೂ ಆಕೆ ಶಾಲೆಯೊಳಗೆ ಮೊದಲ ಬಾರಿಗೆ ಕಾಲಿಟ್ಟದ್ದು ೧೮೮೨ರಲ್ಲಿ, ಅದು ಹುಟ್ಟಿ ಇಪ್ಪತ್ತೆರಡು ವರ್ಷ ತುಂಬುವ ಹೊತ್ತಿಗೆ.

ಅದೇ ೧೮೮೨ರಲ್ಲಿ ವೈದ್ಯಕೀಯ ಕೋಶವೊಂದಕ್ಕೆ ಬರೆದ ಲೇಖನದಲ್ಲಿ, ಏನು ಮಾಡಬೇಕೆಂಬುದನ್ನು ವೈದ್ಯ ಹೇಳುತ್ತಾನೆ, ಅದನ್ನು ಹೇಗೆ ಮಾಡಬೇಕು, ಬೇರೆ ರೀತಿಯಲ್ಲಿ ಮಾಡದೆ ಹಾಗೆಯೇ ಏಕೆ ಮಾಡಬೇಕು ಎಂಬುದನ್ನು ತರಬೇತು ಕಲಿಸಬೇಕು, ಎಂದು ಆಕೆ ಹೇಳಿದ್ದಾರೆ. ಹೋಮ್ ಸಿಸ್ಟರು ‘ಏಕೆ’ ಎಂಬುದಕ್ಕೆ ಉತ್ತರ ಕೊಡಬಲ್ಲವಳಾಗಿದ್ದಳು. ‘ಹೇಗೆ’ ಎಂಬುದು ವಾರ್ಡಿನಲ್ಲಿಯೇ ಉಳಿಯಿತು. ಎರಡರ ನಡುವೆ ಒಂದು ಬಿರುಕು ಆಗಲೇ ಕಾಣಿಸಿಕೊಂಡಿತ್ತು. ಮುಂದಿನ ಸುಧಾರಣೆಗಳೆಲ್ಲ ಅದನ್ನು ಅಗಲಿಸಿದವೆಂದರೆ ಅನ್ಯಾಯವಾಗದು.

ಆ ಸುಧಾರಣೆಗಳು ಕೆಟ್ಟವೆಂದಲ್ಲ. ೧೮೬೭ರಲ್ಲಿ ಇದೇ ಶಾಲೆಯ ಉಮೇದುವಾರಳಾಗಿದ್ದ ರೆಬೆಕಾ ಸ್ಟ್ರಾಂಗ್ ಅವರು ೧೮೯೩ರಲ್ಲಿ ಗ್ಲಾಸ್ಗೋ ನಗರದಲ್ಲಿ, ಶಸ್ತ್ರವೈದ್ಯ ವಿಲಿಯಂ ಮ್ಯಾಕ್ಯೂಯನ್ ಅವರ ನೆರವಿನಿಂದ, ವಾರ್ಡಿಗೆ ಹೋಗುವ ಮುನ್ನವೇ ಶರೀರಶಾಸ್ತ್ರ, ನೈರ್ಮಲ್ಯ ಮುಂತಾದವನ್ನು ಕಲಿಸುವ ಪೂರ್ವಭಾವಿ ತರಗತಿಯನ್ನು ಏರ್ಪಡಿಸಿದರು. ಏನೂ ಅರಿಯದ ಹುಡುಗಿಯನ್ನು ರೋಗಿಗಳ ನಡುವೆ ತಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಎರಡು ವರ್ಷಗಳ ತರುವಾಯ ಲಂಡನ್ ಆಸ್ಪತ್ರೆಯಲ್ಲಿ ಈವಾ ಲೂಕ್ಸ್ ಅವರೂ, ೧೯೦೧ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಅಡಿಲೇಡ್ ನಟಿಂಗ್ ಅವರೂ ಇಂಥ ತರಗತಿಗಳನ್ನು ತೆರೆದರು. ಅಮೆರಿಕದಲ್ಲಿ ೧೯೨೩ರ ಗೋಲ್ಡ್‌ಮಾರ್ಕ್ ವರದಿ, ವಾರ್ಡಿನಲ್ಲಿ ವಿದ್ಯಾರ್ಥಿನಿ ಎಲ್ಲಿರಬೇಕು ಎಷ್ಟು ದಿನ ಇರಬೇಕು ಎಂಬುದನ್ನು ಆಸ್ಪತ್ರೆಯ ಅಗತ್ಯವೇ ನಿರ್ಧರಿಸುತ್ತದೆ, ಕಲಿಕೆಯ ಅಗತ್ಯವಲ್ಲ ಎಂದು ಬಯಲಿಗೆಳೆಯಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಆನಿ ಗುಡ್‌ರಿಚ್ ಅವರ ನೇತೃತ್ವದಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು. ಇಂಗ್ಲೆಂಡಿನಲ್ಲಿ ‘ಸಿಸ್ಟರ್ ಟ್ಯೂಟರ್’ ಎಂಬ ಅಧ್ಯಾಪಕವರ್ಗ ಬೆಳೆಯಿತು. ಕಪ್ಪು ಹಲಗೆ, ಅಸ್ಥಿಪಂಜರ, ಗೊಂಬೆಯ ರೋಗಿ ಎಲ್ಲವೂ ಬಂದವು. ತರಗತಿಯಲ್ಲಿ ಒಂದು ರೀತಿ, ವಾರ್ಡಿನಲ್ಲಿ ಇನ್ನೊಂದು ರೀತಿ ಎಂಬ ದೂರು ಮಾತ್ರ ಅಂದಿನಿಂದ ಇಂದಿನವರೆಗೆ ನಿಂತಿಲ್ಲ.

ಶತಮಾನ ಕಳೆದ ಮೇಲೆ ಸಂಶೋಧಕರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ೧೯೮೧ರಲ್ಲಿ ಹೆಲೆನ್ ಆರ್ಟನ್, ೧೯೮೨ರಲ್ಲಿ ಜೋನ್ ಫ್ರೆಟ್‌ವೆಲ್ ಇವರು ಇಂಗ್ಲೆಂಡಿನ ವಾರ್ಡುಗಳನ್ನು ಅಭ್ಯಸಿಸಿ, ಯಾವ ವಾರ್ಡಿನಲ್ಲಿ ಕಲಿಕೆ ನಡೆಯುತ್ತದೆ ಯಾವುದರಲ್ಲಿ ಇಲ್ಲ ಎಂಬುದು ಬಹುಮಟ್ಟಿಗೆ ಆ ವಾರ್ಡಿನ ಸಿಸ್ಟರನ್ನು ಅವಲಂಬಿಸಿದೆಯೆಂದು ಕಂಡರು. ಕೆನಡದ ಜೂಡಿತ್ ಮೋಗನ್, ಜ್ಯಾನೆಟ್ ನಾಕ್ಸ್ ಇವರು ಒಳ್ಳೆಯ ಬೋಧಕರನ್ನೂ ಕೆಟ್ಟ ಬೋಧಕರನ್ನೂ ಬೇರ್ಪಡಿಸುವ ಲಕ್ಷಣಗಳನ್ನು ಹುಡುಕಿದಾಗ, ೧೯೮೭ರ ಅವರ ಲೇಖನದಲ್ಲಿ ಎದ್ದು ಕಂಡದ್ದು ಬೋಧಕಿ ತಾನೇ ಅನುಕರಣಯೋಗ್ಯಳಾದ ದಾದಿಯೇ ಎಂಬ ಅಂಶ. ೧೮೬೦ರ ಯೋಜನೆಯಲ್ಲಿ ಸಿಸ್ಟರಿಗೆ ಕೊಟ್ಟಿದ್ದ ಸ್ಥಾನ ಸರಿಯಾಗಿಯೇ ಇದ್ದಿತು. ಆಕೆಗೆ ಬಿಡುವನ್ನೂ ಬೋಧನೆಯ ಶಿಕ್ಷಣವನ್ನೂ ಕೊಡದೆ ಹೋದದ್ದು ತಪ್ಪಾಯಿತು. ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳನ್ನು ವಾರ್ಡಿನ ಕೆಲಸಗಾರರ ಲೆಕ್ಕದಿಂದ ಹೊರಗಿಡುವ ವ್ಯವಸ್ಥೆ ೧೯೮೯ರಿಂದೀಚೆಗಷ್ಟೇ ಆರಂಭವಾಯಿತು. ೨೦೧೮ರ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಾರ್ಡಿನಲ್ಲಿ ಕಲಿಸುವವರೇ ಬೇರೆ, ಪಟ್ಟಿ ತುಂಬುವವರೇ ಬೇರೆ ಎಂದು ವಿಂಗಡಿಸಿದವು.

ಭಾರತದಲ್ಲಿ ಆಸ್ಪತ್ರೆಗಳಿಗೆ ಅಂಟಿಕೊಂಡ ನರ್ಸಿಂಗ್ ಶಾಲೆಗಳು ಹುಟ್ಟಿದ್ದು ಇಂಗ್ಲೆಂಡಿನ ಅಚ್ಚಿನಲ್ಲಿಯೇ. ಅಚ್ಚಿನ ಜೊತೆಗೆ ಅದರ ಒಡಕೂ ಬಂದಿತು. ೧೯೪೬ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ದೇಶದಲ್ಲಿ ಇದ್ದ ದಾದಿಯರು ಸುಮಾರು ೭,೦೦೦. ಎಂದರೆ ೪೩,೦೦೦ ಜನಕ್ಕೆ ಒಬ್ಬಳು. ಇಂಥ ಬರದಲ್ಲಿ ವಿದ್ಯಾರ್ಥಿನಿಯ ಕೈಗಳನ್ನು ಯಾವ ಆಸ್ಪತ್ರೆ ತಾನೆ ಬಿಟ್ಟುಕೊಟ್ಟೀತು? ಅದೇ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಪದವಿಯ ಶಿಕ್ಷಣ ಆರಂಭವಾದದ್ದು, ಮರುವರ್ಷ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದದ್ದು, ದೊಡ್ಡ ಹೆಜ್ಜೆಗಳು. ಇವುಗಳಲ್ಲಿ ವೆಲ್ಲೂರಿನ ಒಂದು ಪದ್ಧತಿ ವಿಶೇಷವಾಗಿ ಗಮನಾರ್ಹವಾದದ್ದು: ಅಲ್ಲಿಯ ಕಾಲೇಜಿನ ಅಧ್ಯಾಪಿಕೆಯರಿಗೆ ವಾರ್ಡಿನ ಸೇವೆಯ ಹೊಣೆಯನ್ನೂ ಕೊಟ್ಟು, ತರಗತಿಯಲ್ಲಿ ಹೇಳಿದವರೇ ಹಾಸಿಗೆಯ ಬಳಿ ಮಾಡಿ ತೋರಿಸುವಂತೆ ಎರಡನ್ನೂ ಬೆಸೆದಿದ್ದಾರೆ. ಶ್ರಮ ಹೆಚ್ಚು, ಎಲ್ಲ ಕಡೆಯೂ ಇದನ್ನು ಅನುಸರಿಸಲು ಆಗಿಲ್ಲ.

ಕರ್ನಾಟಕದಲ್ಲಿ ಇಂದು ನರ್ಸಿಂಗ್ ಕಾಲೇಜುಗಳು ನೂರಾರಿವೆ. ವಿದ್ಯಾರ್ಥಿಗಳಲ್ಲಿ ಬಹುಮಂದಿ ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದವರು. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಪ್ರತಿಯೊಬ್ಬರೂ ತಾವು ಮಾಡಿದ ಉಪಚಾರಗಳನ್ನು ಬರೆದು ಅಧ್ಯಾಪಕರ ಸಹಿ ಪಡೆಯಬೇಕಾದ ದಾಖಲೆ ಪುಸ್ತಕವೊಂದಿದೆ. ಸೇಂಟ್ ಥಾಮಸಿನ ಪಟ್ಟಿಯ ದೂರದ ಸಂತಾನವೆಂದು ಅದನ್ನು ಕರೆಯಬಹುದು. ಇಲ್ಲಿ ನೈಟಿಂಗೇಲರ ಕಾಲದಲ್ಲಿಲ್ಲದ ಒಂದು ತೊಡಕು ಸೇರಿದೆ. ನಿದ್ದೆ ಎಷ್ಟು ಗಂಟೆ ಬಂತು, ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಲು ಮೊದಲು ರೋಗಿಯ ಮಾತು ಬರಬೇಕು. ಮೈಸೂರು ಕಡೆಯವನು ‘ಹುಷಾರಿಲ್ಲ’ ಎನ್ನುತ್ತಾನೆ; ಧಾರವಾಡದ ಕಡೆಯವನು ‘ಆರಾಮಿಲ್ಲ’ ಎನ್ನುತ್ತಾನೆ. ನೋವು, ಉರಿ, ಸೆಳೆತ, ಚಳುಕು, ಜೋಮು ಇವು ಬೇರೆ ಬೇರೆ. ಹೊಟ್ಟೆ ತೊಳಸುವುದು ಬೇರೆ, ಹೊಟ್ಟೆ ನುಲಿಯುವುದು ಬೇರೆ. ಇದನ್ನು ಅಳೆಯುವ ಯಂತ್ರವಿಲ್ಲ. ಶರೀರಶಾಸ್ತ್ರದ ಪುಸ್ತಕದಲ್ಲಿಯೂ ಇದು ಸಿಕ್ಕುವುದಿಲ್ಲ. ವಾರ್ಡಿನಲ್ಲಿ ಇಪ್ಪತ್ತು ವರ್ಷ ಕಳೆದ ಕನ್ನಡದ ದಾದಿಯೊಬ್ಬಳು ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಹೊರಗಿನಿಂದ ಬಂದ ಹುಡುಗಿ ಒಂದು ತಿಂಗಳಿನಲ್ಲಿ ಇದನ್ನು ಕಲಿತಾಳು. ಹೇಳಿಕೊಡುವುದು ಆ ದಾದಿಯ ಕೆಲಸದ ಭಾಗವೆಂದು ಯಾರೂ ಗೊತ್ತುಮಾಡಿಲ್ಲ, ಅದಕ್ಕೆ ಹೊತ್ತನ್ನೂ ಕೊಟ್ಟಿಲ್ಲ. ಮುಂಬಯಿಯ ಆಸ್ಪತ್ರೆಯಲ್ಲಿ ಮಲಗಿದ ಕನ್ನಡದ ಮುದುಕಿಯ ಪಾಡೂ ಇದೇ. ಅಲ್ಲಿ ಮರಾಠಿಯೂ ಹಿಂದಿಯೂ ಬಾರದಿದ್ದರೆ ಅವಳ ಚಳುಕು, ಜೋಮುಗಳೆಲ್ಲ ಒಂದೇ ‘ದರ್ದ್’ ಆಗಿಬಿಡುತ್ತವೆ.

ರಾತ್ರಿ ಪಾಳಿಯ ವಿದ್ಯಾರ್ಥಿನಿ ಹಾಸಿಗೆಯ ಬಳಿ ಬಂದು ‘ನಿದ್ದೆ ಚೆನ್ನಾಗಿ ಬಂತಾ?’ ಎಂದು ತಾನು ಕಲಿತ ನಾಲ್ಕು ಕನ್ನಡ ಮಾತಿನಲ್ಲಿ ಕೇಳುತ್ತಾಳೆ. ರೋಗಿ, ಆ ಹುಡುಗಿಗೆ ಬೇಸರವಾಗದಿರಲೆಂದು, ‘ಹೂಂ’ ಎನ್ನುತ್ತಾನೆ. ಪುಸ್ತಕದಲ್ಲಿ ಹಾಗೆಯೇ ದಾಖಲಾಗುತ್ತದೆ. ಬೆಳಗ್ಗೆ ಅದಕ್ಕೆ ಸಹಿಯೂ ಬೀಳುತ್ತದೆ.